ಬಂದೂಕಿನ ಗುಂಡೂ ಬಾಗಿಲಿನ ಮರೆಯೂ

(ದೇವಣಗಾಂವದ ಶಾಲೆಯ ಅಂಗಳದಲ್ಲಿ ವಕೀಲರೊಬ್ಬರು ಮಾಡಿದ ವ್ಯಾಖ್ಯಾನ)



ವಕೀಲನನ್ನು ವ್ಯಾಖ್ಯಾನಕ್ಕೆ ಕರೆದರೆ ಆತನು ಹೊಲದ ಬಾಂದಿನ ಕಾಯಿದೆಯನ್ನೋ ವಾರಸಾ ಹಕ್ಕನ್ನೋ ಕುರಿತು ಮಾತಾಡುವನೆಂದು ಸಹಜವಾಗಿ ಎಣಿಸುತ್ತಾರೆ. ನಾನಾದರೋ ಇಂದು ನಿಮ್ಮ ಮುಂದೆ ಬಂದೂಕಿನ ಒಂದು ಗುಂಡನ್ನು ಕುರಿತು ಮಾತಾಡಬೇಕೆಂದು ಬಂದಿದ್ದೇನೆ. ಇದು ಶಾಲೆಯ ಅಂಗಳಕ್ಕೆ ತಕ್ಕ ವಿಷಯವೇ ಎಂದು ನಿಮ್ಮಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ತಕ್ಕದ್ದಲ್ಲವೆಂದು ನಾನೂ ಒಪ್ಪುತ್ತಿದ್ದೆನು, ಭೀಮಾತೀರವೆಂಬ ಪುಣ್ಯನಾಮದ ಹಿಂದೆ ನಾಡಪಿಸ್ತೂಲಿನ ಕೆಟ್ಟ ಹೆಸರು ಅಂಟಿಕೊಳ್ಳದೆ ಇದ್ದಿದ್ದರೆ. ಇಂಡಿ, ಸಿಂದಗಿಗಳ ಹೆಸರು ಹೇಳಿದ ಕೂಡಲೆ ಬೆಂಗಳೂರಿನವರು ನಿಂಬೆಹಣ್ಣನ್ನೂ ಬಿಳಿಜೋಳವನ್ನೂ ನೆನೆಯದೆ ಬಂದೂಕನ್ನು ನೆನೆಯುವಂತಾಗಿರುವದು ನಮಗೆ ನಾಚಿಕೆಯ ಸಂಗತಿ. ಆ ವಸ್ತು ನಮ್ಮ ನಡುವೆ ಇದ್ದೇ ಇದೆಯೆಂದ ಮೇಲೆ ಅದರ ಗುಣವೇನೆಂಬದನ್ನಾದರೂ ತಿಳಿದಿರಬೇಕಷ್ಟೆ. ಹಾವು ಇರುವ ಊರಿನಲ್ಲಿ ಹಾವಿನ ಮಾತು ಆಡಬಾರದೆಂದರೆ ಹೇಗೆ?

ನನ್ನ ವೃತ್ತಿಯ ಮೊದಲ ವರುಷಗಳಲ್ಲಿ ನಡೆದ ಒಂದು ಸಂಗತಿಯಿಂದ ಪ್ರಾರಂಭಿಸುತ್ತೇನೆ. ಊರಿನ ಹೆಸರು, ಜನರ ಹೆಸರು ಬೇಡ. ದಾಯಾದಿಗಳೊಳಗೆ ಬದುವಿನ ವ್ಯಾಜ್ಯವಿತ್ತು. ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಮಾತಿಗೆ ಮಾತು ಬೆಳೆದು, ಒಬ್ಬನು ಮನೆಯಿಂದ ಪರವಾನಿಗೆಯ ರೈಫಲ್ ಬಂದೂಕನ್ನು ತಂದನು. ಎದುರಾಳಿಯು ಅದನ್ನು ಕಂಡು ಓಡಿ ಮನೆಯನ್ನು ಹೊಕ್ಕು, ಅಗುಳಿ ಹಾಕಿ, ಹಿತ್ತಲಿನಿಂದ ತಪ್ಪಿಸಿಕೊಂಡು ಹೋದನು. ಆತನ ಅಣ್ಣನು ಜಗಳಕ್ಕೆ ಸಂಬಂಧಪಟ್ಟವನಲ್ಲ. ಬಾಗಿಲನ್ನು ಮುರಿದಾರೆಂದು ಬೆದರಿ ಒಳಗಿನಿಂದ ಕದಕ್ಕೆ ಹೆಗಲು ಕೊಟ್ಟು ನಿಂತನು. ಹೊರಗಿನವನು ಕದದ ಮೇಲೆ ಒಂದೇ ಒಂದು ಗುಂಡು ಹಾರಿಸಿದನು. ‘ಹೆದರಿಸಲೆಂದು ಹಾರಿಸಿದೆನು, ಕದ ಗಟ್ಟಿಯಾಗಿತ್ತು’ ಎಂದು ಆಮೇಲೆ ಹೇಳಿದನು. ಕದವು ನಿಜವಾಗಿಯೂ ಗಟ್ಟಿಯಾಗಿಯೇ ಇತ್ತು. ಜಾಲಿಯ ಮರದ್ದು, ಎರಡು ಅಂಗುಲ ದಪ್ಪ, ಅಜ್ಜನ ಕಾಲದ್ದು. ಅದು ಮುದ್ದೆಮಾಲಾಗಿ ನ್ಯಾಯಾಲಯಕ್ಕೆ ಬಂದಾಗ ನಾನು ಅದರ ಹತ್ತಿರ ಹೋಗಿ ನೋಡಿದೆನು. ಹೊರಮೈಯಲ್ಲಿ ನನ್ನ ಕಿರುಬೆರಳು ಹೋಗುವಷ್ಟು ಒಂದು ತೂತು. ಒಳಮೈಯಲ್ಲಿ ಅಂಗೈಯಗಲದಷ್ಟು ಸಿಬಿರು ಎದ್ದಿತ್ತು. ಗುಂಡು ಕದವನ್ನು ದಾಟಿ, ಹೆಗಲನ್ನು ದಾಟಿ, ಎದೆಯನ್ನು ದಾಟಿ, ಪಡಸಾಲೆಯ ಹಿಂದಿನ ಗೋಡೆಯಲ್ಲಿ ಹೂತುಕೊಂಡಿತ್ತು.

ನಾನು ಆ ಮೊಕದ್ದಮೆಯಲ್ಲಿ ಆರೋಪಿಯ ಪರವಾಗಿ ನಿಂತಿದ್ದೆನು. ಅದರ ವಿಚಾರ ಮುಂದೆ ಬರುತ್ತದೆ.

ಮೊದಲು ಈ ಗುಂಡೆಂಬದು ಏನೆಂಬದನ್ನು ನೋಡೋಣ. ನಮ್ಮ ದೇಶದಲ್ಲಿ ಅತ್ಯಂತ ಸಾಮಾನ್ಯವಾಗಿದ್ದದ್ದು ‘ತ್ರೀ-ನಾಟ್-ತ್ರೀ’ ಬಂದೂಕು. ಇಂಗ್ಲಿಷರ ಸೈನ್ಯವು ಎರಡು ಮಹಾಯುದ್ಧಗಳಲ್ಲಿ ಹಿಡಿದದ್ದು ಅದನ್ನೇ. ಸ್ವಾತಂತ್ರ್ಯಾನಂತರವೂ ನಮ್ಮ ಪೋಲೀಸರ ಹೆಗಲಿನ ಮೇಲೆ ಅದೇ ಇತ್ತು. ಉತ್ತರ ಪ್ರದೇಶದ ಪೋಲೀಸರು ಅದಕ್ಕೆ ವಿಧ್ಯುಕ್ತವಾಗಿ ವಿದಾಯ ಹೇಳಿದ್ದು ೨೦೨೦ನೆಯ ಇಸವಿಯ ಗಣರಾಜ್ಯೋತ್ಸವದ ದಿನ. ಅದರ ಕಾಡತೂಸುಗಳು ಬಹುದೂರದಿಂದ ಬರುತ್ತಿದ್ದಿಲ್ಲ. ೧೮೬೯ರಲ್ಲಿ ಸ್ಥಾಪನೆಯಾದ ಪುಣೆಯ ಹತ್ತಿರದ ಖಡಕಿಯ ಕಾರಖಾನೆಯಲ್ಲಿಯೇ ತಯಾರಾಗುತ್ತಿದ್ದವು. ೧೯೧೦ರಿಂದ ಬಳಕೆಗೆ ಬಂದ ಅದರ ಏಳನೆಯ ಮಾದರಿಯ ಗುಂಡಿನ ತೂಕ ೧೭೪ ಗ್ರೇನು, ಅರ್ಥಾತ್ ಹನ್ನೊಂದು ಗ್ರಾಮಿಗಿಂತ ತುಸು ಹೆಚ್ಚು. ಒಂದು ತೊಲೆಯೂ ಇಲ್ಲ! ಮದುವೆಯಲ್ಲಿ ನಮ್ಮ ಹೆಣ್ಣುಮಕ್ಕಳು ಇದಕ್ಕಿಂತ ಭಾರವಾದ ಬಂಗಾರವನ್ನು ಕಿವಿ ಮೂಗುಗಳಲ್ಲಿ ಹೊರುತ್ತಾರೆ. ಒಳಗೆ ಸೀಸ, ಮೇಲೆ ತಾಮ್ರ-ನಿಕ್ಕಲುಗಳ ಮಿಶ್ರಲೋಹದ ಕವಚ. ಮೊನೆಯ ಕವಚದೊಳಗೆ ಅಲ್ಯುಮಿನಿಯಮ್ಮೋ ಮರದ ನಾರೋ ಇರುವದರಿಂದ ಮುಂಭಾಗ ಹಗುರ, ಹಿಂಭಾಗ ಭಾರ.

ಇಷ್ಟು ಸಣ್ಣ ವಸ್ತುವು ನಳಿಗೆಯನ್ನು ಬಿಡುವಾಗ ಸೆಕೆಂಡಿಗೆ ೨೪೪೦ ಅಡಿಗಳ ವೇಗದಿಂದ ಹೊರಡುತ್ತದೆ. ಶಬ್ದದ ವೇಗಕ್ಕಿಂತ ಇದು ಎರಡು ಪಟ್ಟಿಗೂ ಮಿಕ್ಕಿದ್ದು. ಆದುದರಿಂದ ಗುಂಡು ತಗಲಿದವನು ತನಗೆ ಹಾರಿದ ಬಂದೂಕಿನ ಸದ್ದನ್ನು ಮೊದಲು ಕೇಳುವದಿಲ್ಲ. ಅದರ ಬಲವೆಷ್ಟೆಂಬದನ್ನು ಗಣಿತದ ಮಾಸ್ತರರು ಮಕ್ಕಳಿಂದ ಲೆಕ್ಕ ಮಾಡಿಸಬಹುದು. ನಾನು ಮಾಡಿ ನೋಡಿದ್ದೇನೆ: ಒಂದು ಕ್ವಿಂಟಲ್ ಜೋಳದ ಚೀಲವನ್ನು ನಿಮ್ಮ ಮಾಳಿಗೆಯ ಮೇಲಿನಿಂದ, ಅಂದರೆ ಸುಮಾರು ಹತ್ತು ಅಡಿ ಎತ್ತರದಿಂದ ಕೆಳಗೆ ದೂಡಿದರೆ ನೆಲಕ್ಕೆ ಎಷ್ಟು ಪೆಟ್ಟೋ ಅಷ್ಟೇ ಬಲ ಆ ತೊಲೆಯೊಳಗಿನ ಗುಂಡಿನಲ್ಲಿ ಅಡಗಿರುತ್ತದೆ. ಭೇದವೇನೆಂದರೆ ಚೀಲದ ಪೆಟ್ಟು ಎರಡು ಮೊಳ ನೆಲದ ಮೇಲೆ ಹರಡಿ ಬೀಳುತ್ತದೆ, ಗುಂಡಿನ ಪೆಟ್ಟು ಎಂಟು ಮಿಲಿಮೀಟರಿನ ಒಂದು ಬಿಂದುವಿನ ಮೇಲೆ ಬೀಳುತ್ತದೆ. ದಬ್ಬಣವು ಗೋಣಿಯನ್ನು ಹೊಗುತ್ತದೆ, ಮುಷ್ಟಿ ಹೊಗುವದಿಲ್ಲ, ಕಾರಣ ಇಷ್ಟೇ.

ಇನ್ನು ಇದು ಯಾವ ಯಾವ ಪದಾರ್ಥವನ್ನು ಎಷ್ಟೆಷ್ಟು ಭೇದಿಸುತ್ತದೆ? ಇಂಗ್ಲಿಷ್ ಸೈನ್ಯದವರು ಇದನ್ನು ಅಳೆದು ನೋಡಿ, ೧೯೧೪ರಲ್ಲಿ ತಮ್ಮ ಅಧಿಕಾರಿಗಳಿಗಾಗಿ ಅಚ್ಚು ಹಾಕಿಸಿದ ಕಿಸೆಹೊತ್ತಿಗೆಯಲ್ಲಿ ಕೋಷ್ಟಕವಾಗಿ ಕೊಟ್ಟಿದ್ದಾರೆ. ಅದು ಗುಂಡು ತಲುಪಬಹುದಾದ ಅತ್ಯಧಿಕ ಆಳದ ಲೆಕ್ಕ. ಓಕ್ ಮರದಂಥ ಗಟ್ಟಿ ಮರದಲ್ಲಿ ನಾರಿನ ಗುಂಟ ೩೮ ಅಂಗುಲ, ಅಂದರೆ ಎರಡು ಮೊಳಕ್ಕಿಂತ ಹೆಚ್ಚು. ಮೆತ್ತನೆಯ ಮರದಲ್ಲಿ ೫೮ ಅಂಗುಲ. ಕಲ್ಲಿಲ್ಲದ ಸಡಿಲ ಮಣ್ಣಿನಲ್ಲಿ ೪೦ ಅಂಗುಲ. ಜಿಗಟು ಜೇಡಿಯಲ್ಲಿ ೬೦ ಅಂಗುಲ! ಇದನ್ನು ಓದಿದ ದಿನ ನಾನು ಮನೆಗೆ ಹೋಗಿ ನಮ್ಮ ತಲೆಬಾಗಿಲನ್ನು ಅಳೆದು ನೋಡಿದೆನು. ಒಂದೂವರೆ ಅಂಗುಲವಿತ್ತು. ನೀವೂ ಇಂದು ರಾತ್ರಿ ಮನೆಗೆ ಹೋದ ಮೇಲೆ ಅಳೆಯದೆ ಇರಲಾರಿರೆಂದು ಬಲ್ಲೆ.

ಇಟ್ಟಂಗಿಯ ಗೋಡೆ ಇದಕ್ಕಿಂತ ಮೇಲು. ಸಿಮೆಂಟಿನಲ್ಲಿ ಕಟ್ಟಿದ ಒಂಬತ್ತು ಅಂಗುಲದ ಗೋಡೆಯನ್ನು ಒಂದು ಗುಂಡು ದಾಟಲಾರದು. ಆದರೆ ಇನ್ನೂರು ಗಜ ದೂರದಿಂದ ಒಂದೇ ಸ್ಥಳಕ್ಕೆ ನೂರೈವತ್ತು ಗುಂಡುಗಳನ್ನು ಹೊಡೆದರೆ ಆ ಗೋಡೆ ತೂತು ಬೀಳುತ್ತದೆಂದು ಅದೇ ಹೊತ್ತಿಗೆ ಹೇಳುತ್ತದೆ. ನಾವು ಈಗ ಪಟ್ಟಣಗಳಲ್ಲಿ ಕಟ್ಟುತ್ತಿರುವ ನಾಲ್ಕೂವರೆ ಅಂಗುಲದ ಅಡ್ಡಗೋಡೆಯ ಮಾತು ಬೇರೆ, ಅದರ ಮೇಲೆ ಭರವಸೆ ಬೇಡ.

ಬುದ್ಧಿಗೆ ವಿಚಿತ್ರವಾಗಿ ತೋರುವ ಮೂರು ನಾಲ್ಕು ಸಂಗತಿಗಳು ಆ ಕೋಷ್ಟಕದಲ್ಲಿವೆ. ಶಿಕ್ಷಕರು ಇವನ್ನು ಅವಶ್ಯವಾಗಿ ಗಮನಿಸಬೇಕು. ಮೊದಲನೆಯದು ಮರಳಿನ ಮಹಿಮೆ. ಎರಡು ಮೊಳ ಗಟ್ಟಿ ಮರವನ್ನು ಹೊಕ್ಕ ಗುಂಡು ಚೀಲದಲ್ಲಿ ತುಂಬಿದ ಮರಳಿನಲ್ಲಿ ೧೮ ಅಂಗುಲ, ಸರಿಯಾಗಿ ಒಂದು ಮೊಳ ಹೋಗುವಷ್ಟರಲ್ಲಿ ನಿಲ್ಲುತ್ತದೆ. ಮರದ ನಾರು ಸೀಳಿ ದಾರಿ ಬಿಡುತ್ತದೆ. ಮರಳಿನ ಕಣಗಳು ಒಂದನ್ನೊಂದು ಒತ್ತಿ, ಉಜ್ಜಿ, ಗುಂಡಿನ ಬಲವನ್ನು ಹತ್ತು ದಿಕ್ಕಿಗೆ ಹಂಚಿಕೊಳ್ಳುತ್ತವೆ. ಯುದ್ಧಭೂಮಿಯ ಚಿತ್ರಗಳಲ್ಲಿ ಎಲ್ಲೆಲ್ಲಿಯೂ ಮರಳಿನ ಚೀಲಗಳೇ ಕಾಣುವದರ ಮರ್ಮವಿದು. ಎರಡನೆಯದು, ಮಣ್ಣನ್ನು ಬಡಿದು ಬಿಗಿ ಮಾಡಿದರೆ ಅದರ ತಡೆಯುವ ಶಕ್ತಿ ಹೆಚ್ಚುವದಿಲ್ಲ, ಕಡಿಮೆಯಾಗುತ್ತದೆ. ಧಮ್ಮಸು ಹಾಕಿ ಗಟ್ಟಿ ಮಾಡುವದೇ ರಕ್ಷಣೆಯೆಂದು ತಿಳಿದ ನಮ್ಮ ಹಿರಿಯರಿಗೆ ಇದು ಒಪ್ಪಿಗೆಯಾಗಲಿಕ್ಕಿಲ್ಲ, ಆದರೆ ಅಳತೆಯ ಮುಂದೆ ವಾದವಿಲ್ಲ. ಮೂರನೆಯದು, ಮರಳು, ಮರ, ಇಟ್ಟಂಗಿಗಳಲ್ಲಿ ತೀರ ಹತ್ತಿರದಿಂದ ಹೊಡೆದ ಗುಂಡಿಗಿಂತ ತುಸು ದೂರದಿಂದ ಬಂದ ಗುಂಡೇ ಹೆಚ್ಚು ಆಳಕ್ಕೆ ಹೋಗುತ್ತದೆ. ನಳಿಗೆಯಿಂದ ಆಗತಾನೆ ಹೊರಬಿದ್ದ ಗುಂಡು ಬಿಟ್ಟ ಬುಗುರಿಯಂತೆ ಮೊದಲಿಗೆ ತುಸು ತೂಗಾಡುತ್ತದೆ, ಮೇಲಾಗಿ ವೇಗಾಧಿಕ್ಯದಿಂದ ತಾನೇ ಹೊರಳಿ ಒಡೆಯುತ್ತದೆ. ಕೊಂಚ ದೂರ ಸಾಗಿದ ಮೇಲೆ ಸ್ಥಿರವಾಗಿ ಮೊನೆ ಮುಂದು ಮಾಡಿ ನಡೆಯುತ್ತದೆ. ‘ಬಹಳ ದೂರದಲ್ಲಿದ್ದಾನೆ, ಬಾಗಿಲು ಹಾಕಿಕೊಂಡರೆ ಸಾಕು’ ಎಂಬ ಮಾತಿನಲ್ಲಿ ಹುರುಳಿಲ್ಲವೆಂಬದು ಇದರಿಂದ ಸಿದ್ಧವಾಗುತ್ತದೆ.

ನಾಲ್ಕನೆಯದು ಆ ಹೊತ್ತಿಗೆಯದಲ್ಲ, ನಿಮ್ಮ ಊರ ಮುಂದಿನ ಹೊಳೆಯದು. ಮರವನ್ನು ಮೊಳಗಟ್ಟಲೆ ಕೊರೆಯುವ ಗುಂಡು ನೀರಿನಲ್ಲಿ ಎರಡು ಮೂರು ಅಡಿ ಹೋಗುವಷ್ಟರಲ್ಲಿ ಕೊಲ್ಲುವ ಬಲವನ್ನು ಕಳೆದುಕೊಳ್ಳುತ್ತದೆ. ವೇಗ ಹೆಚ್ಚಿದಷ್ಟೂ ನೀರು ಹೆಚ್ಚು ಎದುರಿಸುತ್ತದೆ. ಎತ್ತರದಿಂದ ಅಂಗಾತ ಬಾವಿಗೆ ಬಿದ್ದ ಹುಡುಗನ ಬೆನ್ನಿಗೆ ಇದು ಗೊತ್ತು. ಆದರೆ ಅದೇ ನೀರಿನ ಮೈಗೆ ಓರೆಯಾಗಿ ಬಡಿದ ಗುಂಡು ಒಳಗೆ ಹೋಗುವದೇ ಇಲ್ಲ, ಮಕ್ಕಳು ಎಸೆಯುವ ಕಪ್ಪೆಗಲ್ಲಿನಂತೆ ಪುಟಿದು ಆಚೆಯ ದಂಡೆಗೆ ಹೋಗುತ್ತದೆ. ಈ ದಂಡೆಯಲ್ಲಿ ನಿಂತು ಹೊಳೆಯೊಳಗಿನ ಹಕ್ಕಿಗೆ ಗುರಿಯಿಟ್ಟವನು ಅಫಜಲಪುರ ತಾಲೂಕಿನ ದಂಡೆಯಲ್ಲಿ ಬಟ್ಟೆ ಒಗೆಯುವವಳಿಗೆ ಮೃತ್ಯುವಾಗಬಹುದು.

ಇಲ್ಲಿ ಒಂದು ಮಾತು ನೆನಪಾಗುತ್ತದೆ. ಈ ಭೀಮೆಯು ಬಹುಕಾಲ ಎರಡು ರಾಜ್ಯಗಳ ಗಡಿಯಾಗಿತ್ತು. ಈಚೆಯದು ಮುಂಬಯಿ ಇಲಾಖೆ, ಆಚೆಯದು ನಿಜಾಮರ ಸೀಮೆ. ಎರಡು ದಂಡೆಗಳಲ್ಲಿಯೂ ಕನ್ನಡವೇ, ಎರಡು ದಂಡೆಗಳ ಬೀಗರೂ ಒಂದೇ ಮನೆತನದವರು. ೧೯೪೭-೪೮ರಲ್ಲಿ ರಜಾಕಾರರ ಹಾವಳಿಯ ಕಾಲಕ್ಕೆ ಈ ಗಡಿಯ ಗುಂಟ ಎಷ್ಟು ಭೀತಿಯಿತ್ತೆಂಬದನ್ನು ನಿಮ್ಮ ಮನೆಯ ಹಿರಿಯರ ಬಾಯಿಂದ ನೀವು ಕೇಳಿದ್ದೀರಿ. ಮುಂಡರಗಿ, ಗಜೇಂದ್ರಗಡಗಳಂಥ ಗಡಿಯ ಶಿಬಿರಗಳಲ್ಲಿ ನಿಂತ ನಮ್ಮ ಸ್ವಯಂಸೇವಕರಿಗೆ ಈ ಭೇದ್ಯ-ಅಭೇದ್ಯಗಳ ವಿಚಾರ ಪುಸ್ತಕದ ಪಾಠವಾಗಿರಲಿಲ್ಲ. ೧೯೪೮ರ ಸೆಪ್ಟೆಂಬರ ೧೩ರಿಂದ ೧೭ರ ವರೆಗೆ ನಡೆದ ಸೈನಿಕ ಕಾರ್ಯಾಚರಣೆಯಿಂದ ಆ ಭೀತಿ ನೀಗಿತು, ೧೯೫೬ರ ನವೆಂಬರ ೧ರಂದು ಗಡಿಯೂ ಅಳಿಯಿತು. ಗಡಿಗಳನ್ನು ಮನುಷ್ಯರು ಕಾಣುತ್ತಾರೆ. ಗುಂಡು ಎಂದೂ ಕಂಡಿರಲಿಲ್ಲ. ಕಾಯಿದೆಯಾದರೂ ಇದನ್ನು ಬಲ್ಲದು: ಒಂದು ಕಡೆ ಮಾಡಿದ ಕೃತ್ಯದ ಫಲ ಇನ್ನೊಂದು ಕಡೆ ಒದಗಿದರೆ ಎರಡೂ ಕಡೆಯ ನ್ಯಾಯಾಲಯಗಳಿಗೆ ವಿಚಾರಣೆಯ ಅಧಿಕಾರವಿರುತ್ತದೆ.

ಹಳೆಯ ಬಂದೂಕುಗಳ ಸಂಗತಿ ಹೀಗಿರಲಿಲ್ಲ. ನಮ್ಮ ಅವಿಭಕ್ತ ವಿಜಾಪುರ ಜಿಲ್ಲೆಗೇ ಸೇರಿದ್ದು, ೧೯೯೭ರಿಂದ ಬಾಗಲಕೋಟೆ ಜಿಲ್ಲೆಯಲ್ಲಿರುವ ಹಲಗಲಿಯ ಬೇಡರ ಕಥೆಯನ್ನು ಲಾವಣಿಯಲ್ಲಿ ಕೇಳದವರು ಯಾರಿದ್ದಾರೆ? ೧೮೫೭ರ ನವೆಂಬರದಲ್ಲಿ ಹತಾರಗಳನ್ನು ಒಪ್ಪಿಸಲಾರೆವೆಂದು ಅವರು ಎದ್ದು ನಿಂತರು. ಅಂದಿನ ಬಂದೂಕಿನ ಗುಂಡು ಬರಿಯ ಸೀಸದ್ದು, ಕವಚವಿಲ್ಲದ್ದು, ದಪ್ಪವಾದದ್ದು. ಅದು ಎಲುಬನ್ನು ನುಚ್ಚುನೂರು ಮಾಡುತ್ತಿತ್ತು, ಆದರೆ ಗೋಡೆಗೆ ಬಡಿದರೆ ಚಪ್ಪಟೆಯಾಗಿ ನಿಲ್ಲುತ್ತಿತ್ತು. ಬೇಡರು ಮಣ್ಣಿನ ಮನೆಗಳೊಳಗೆ ನಿಂತು ಕಾದಿದರು. ಇಂಗ್ಲಿಷರ ದಂಡು ಊರಿಗೆ ಬೆಂಕಿ ಹಚ್ಚಿತು. ಗೋಡೆಗಳು ಗುಂಡನ್ನು ತಡೆದವು, ಬೆಂಕಿಯನ್ನು ತಡೆಯಲಿಲ್ಲ. ನಮ್ಮ ಸೀಮೆಯ ದಪ್ಪ ಗೋಡೆಯ ವಾಡೆಗಳೂ ಊರನಡುವಿನ ಹುಡೇವುಗಳೂ ಆ ಕಾಲದ ಗುಂಡಿಗಾಗಿ ಕಟ್ಟಿದವುಗಳು. ಗೋಡೆಯ ಮೇಲಿನ ನಮ್ಮ ಪರಂಪರಾಗತ ವಿಶ್ವಾಸವು ಅಲ್ಲಿಂದ ಬಂದದ್ದು. ವಿಶ್ವಾಸ ಉಳಿಯಿತು, ಗುಂಡು ಬದಲಾಯಿತು.

ಬದಲಾದ ಗುಂಡು ತನ್ನ ಒಡೆಯರನ್ನೂ ಒಮ್ಮೆ ಬೆರಗುಗೊಳಿಸಿತು. ೧೮೯೫ರಲ್ಲಿ ವಾಯವ್ಯ ಗಡಿಯ ಚಿತ್ರಾಲದ ಯುದ್ಧದಲ್ಲಿ ಹೊಸ ಕವಚದ ಗುಂಡು ಎದುರಾಳಿಗಳ ಮೈಯನ್ನು ಅಚ್ಚುಕಟ್ಟಾಗಿ ತೂರಿ ಹೋಗಿ, ಗಾಯಗೊಂಡವರು ಮುನ್ನುಗ್ಗಿ ಬರುತ್ತಲೇ ಇದ್ದರೆಂದು ಇಂಗ್ಲಿಷ್ ಸಿಪಾಯಿಗಳು ದೂರಿದರು. ಹೀಗೆ ತೂರಿ ಹೋಗುವದು ಅವರಿಗೆ ದೋಷವಾಗಿ ಕಂಡಿತು! ಆಗ ಕಲಕತ್ತೆಯ ಹತ್ತಿರದ ದಮದಮದ ಶಸ್ತ್ರಾಗಾರದಲ್ಲಿ ಮೊನೆಯ ಕವಚವನ್ನು ತೆಗೆದು, ಮೈಯೊಳಗೆ ಅರಳುವಂಥ ಗುಂಡನ್ನು ತಯಾರಿಸಿದರು. ನಮ್ಮ ದೇಶದ ಒಂದು ಊರಿನ ಹೆಸರು ಪ್ರಪಂಚದ ಸರ್ವ ಭಾಷೆಗಳಲ್ಲಿ ಕ್ರೌರ್ಯದ ಹೆಸರಾಗಿ ಸೇರಿಕೊಂಡಿತು. ೧೮೯೯ರ ಹೇಗ್ ಪರಿಷತ್ತಿನಲ್ಲಿ ಅಂಥ ಗುಂಡುಗಳನ್ನು ಯುದ್ಧದಲ್ಲಿ ಬಳಸಕೂಡದೆಂದು ಘೋಷಣೆಯಾಯಿತು. ಬ್ರಿಟನ್ನು ಅದನ್ನು ಒಪ್ಪಿಕೊಂಡದ್ದು ೧೯೦೭ರಲ್ಲಿ. ಹೀಗೆ ಪೂರ್ಣ ಕವಚದ ಗುಂಡಿಗೆ ‘ದಯಾಳು’ ಎಂಬ ಬಿರುದು ಬಂದಿತು. ಒಬ್ಬನ ಮೈಯನ್ನು ಕಡಿಮೆ ಹರಿಯುತ್ತದೆ ನಿಜ. ಆದರೆ ಆ ಒಬ್ಬನ ಹಿಂದೆ ಇನ್ನೊಬ್ಬನು ನಿಂತಿದ್ದರೆ?

ಹಿಂದೆ ಇನ್ನೊಬ್ಬನು ನಿಂತಿದ್ದ ಸ್ಥಳ ಜಲಿಯನವಾಲಾ ಬಾಗ. ೧೯೧೯ರ ಏಪ್ರಿಲ ೧೩ರಂದು ಅಮೃತಸರದಲ್ಲಿ ಐವತ್ತು ರೈಫಲಿನವರು ಸುಮಾರು ಹತ್ತು ನಿಮಿಷಗಳಲ್ಲಿ ೧೬೫೦ ಗುಂಡುಗಳನ್ನು ಹಾರಿಸಿದರು. ಸರಕಾರದ ಲೆಕ್ಕದಂತೆ ಮಡಿದವರು ೩೭೯ ಜನ. ಗಾಯಗೊಂಡವರು ಅದರ ಮೂರು ಪಟ್ಟು ಇರಬಹುದೆಂದು ಹಂಟರ್ ಸಮಿತಿಯೇ ಊಹಿಸಿತು. ಕೂಡಿಸಿ ನೋಡಿರಿ: ಒಂದೂವರೆ ಸಾವಿರಕ್ಕೆ ಮಿಕ್ಕುತ್ತದೆ. ಜನರ ಲೆಕ್ಕವು ಇದಕ್ಕಿಂತ ಬಹಳ ಹೆಚ್ಚಿನದು, ಅದನ್ನು ಬದಿಗಿಡೋಣ. ಸರಕಾರದ ಕನಿಷ್ಠ ಲೆಕ್ಕವನ್ನೇ ಹಿಡಿದರೂ ಹೆಚ್ಚುಕಡಿಮೆ ಗುಂಡಿಗೊಬ್ಬ ಮನುಷ್ಯನು ಬಿದ್ದನೆಂದಾಯಿತು. ಆದರೆ ಎಷ್ಟೋ ಗುಂಡುಗಳು ಗೋಡೆಗೆ ಬಡಿದಿವೆ, ಆ ಗುರುತುಗಳನ್ನು ಇಂದಿಗೂ ಅಲ್ಲಿ ತೋರಿಸುತ್ತಾರೆ. ಎಷ್ಟೋ ಗುರಿ ತಪ್ಪಿ ನೆಲಕ್ಕೆ ಬಿದ್ದಿರಲೇಬೇಕು. ಹಾಗಾದರೆ ಉಳಿದ ಒಂದೊಂದು ಗುಂಡು ಎಷ್ಟು ಜನರನ್ನು ತೂರಿ ಹೋಗಿರಬೇಕು! ಮಗುವನ್ನು ಬೆನ್ನ ಹಿಂದೆ ಮಾಡಿ ನಿಂತ ತಂದೆಯ ಮೈ ಮಗುವಿಗೆ ಮರೆಯಾಗಲಾರದಷ್ಟು ಬಲ ಅದರಲ್ಲಿತ್ತು. ಎರಡು ಮೊಳ ಗಟ್ಟಿ ಮರವನ್ನು ಹೊಗುವ ವಸ್ತುವಿಗೆ ಮನುಷ್ಯನ ಮೈ ಎಷ್ಟರದು?

ಕನ್ನಡನಾಡಿಗೂ ಇಂಥ ದಿನಗಳು ಬಂದವು. ೧೯೩೮ರ ಏಪ್ರಿಲ ೨೫ರಂದು ಮೈಸೂರು ಸಂಸ್ಥಾನದ ಗೌರೀಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಕ್ಕೆಂದು ಕೂಡಿದ ನಿರಾಯುಧರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಮಡಿದವರು ಮೂವತ್ತೆರಡು ಜನರೆಂದು ಜನರ ಲೆಕ್ಕ. ಸರಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ೧೯೪೨ರ ಆಗಸ್ಟಿನಲ್ಲಿ ಹುಬ್ಬಳ್ಳಿಯಲ್ಲಿ ನಾರಾಯಣ ಡೋಣಿಯೆಂಬ ಶಾಲೆಯ ವಯಸ್ಸಿನ ಬಾಲಕನು ಗುಂಡಿಗೆ ಬಲಿಯಾದನು. ಮಾಸ್ತರರೇ, ಈ ಅಂಗಳದಲ್ಲಿ ಕುಳಿತಿರುವ ಹುಡುಗರಷ್ಟೇ ದೊಡ್ಡವನು.

ನಾನು ವಕೀಲನಾದುದರಿಂದ ಕಾಯಿದೆಯು ಇದಕ್ಕೇನೆನ್ನುತ್ತದೆಂಬದನ್ನು ಹೇಳಬೇಕು. ಆ ದಿನಗಳಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಜಾರಿಯಲ್ಲಿದ್ದದ್ದು ೧೮೯೮ರ ಕ್ರಿಮಿನಲ್ ಪ್ರೊಸೀಜರ್ ಕೋಡು. ಅದರ ೧೩೦ನೆಯ ಕಲಮಿನಲ್ಲಿ, ಜನಸಮೂಹವನ್ನು ಚದುರಿಸಲು ಕರೆಯಲ್ಪಟ್ಟ ಸೈನ್ಯದ ಅಧಿಕಾರಿಯು ಆ ಕಾರ್ಯಕ್ಕೆ ಬೇಕಾಗುವ ಅತ್ಯಲ್ಪ ಬಲವನ್ನು ಮಾತ್ರ ಉಪಯೋಗಿಸಬೇಕು, ಮೈಗೂ ಸ್ವತ್ತಿಗೂ ಸಾಧ್ಯವಿದ್ದಷ್ಟು ಕಡಿಮೆ ಹಾನಿ ಮಾಡಬೇಕು ಎಂಬ ಅರ್ಥದ ನಿರ್ಬಂಧವಿತ್ತು. ೧೯೭೩ರ ಸಂಹಿತೆಯಲ್ಲಿಯೂ ಅದೇ ನಿರ್ಬಂಧ ಉಳಿಯಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೯ನೆಯ ಕಲಮಿನಲ್ಲಿಯೂ ಅದೇ ಇದೆ. ಮಾತು ಬಹು ಸುಂದರ. ಆದರೆ ಅತ್ಯಲ್ಪ ಬಲವೆಂದು ಕಾಯಿದೆ ನುಡಿಯುವಾಗ ಆಜ್ಞಾಪಾಲಕನ ಕೈಯಲ್ಲಿ ಕೊಟ್ಟ ವಸ್ತು ಯಾವುದು? ಒಮ್ಮೆ ಕುದುರೆಯನ್ನು ಎಳೆದರೆ ಅದರಲ್ಲಿ ಅಲ್ಪವೆಂಬದಿಲ್ಲ, ಅರ್ಧವೆಂಬದಿಲ್ಲ. ಮುಂದಿನ ಸಾಲಿನ ಒಬ್ಬ ಪುಂಡನಿಗೆಂದು ಹೊಡೆದ ಗುಂಡು ಮೂರನೆಯ ಸಾಲಿನ ನಿರಪರಾಧಿಯಲ್ಲಿ ನಿಲ್ಲುತ್ತದೆ.

ಸರಕಾರಕ್ಕೆ ಇದು ತಿಳಿಯದೆ ಇದ್ದಿತೆಂದು ಯಾರೂ ಹೇಳಲಾರರು. ಇಂಗ್ಲಿಷರೇ ಇಶಾಪುರದ ಕಾರಖಾನೆಯಲ್ಲಿ ಅದೇ ತ್ರೀ-ನಾಟ್-ತ್ರೀ ಬಂದೂಕುಗಳ ನಳಿಗೆಯನ್ನು ಅಗಲಿಸಿ, ಒಳಗಿನ ತಿರುಚುಗೆರೆಗಳನ್ನು ತೆಗೆದು, ‘ನಾಲ್ಕುನೂರಾ ಹತ್ತು’ ಎಂಬ ನಯನಳಿಗೆಯ ಮಸ್ಕೆಟ್ಟನ್ನು ಪೋಲೀಸರಿಗಾಗಿಯೂ ಸೆರೆಮನೆಯ ಕಾವಲುಗಾರರಿಗಾಗಿಯೂ ಮಾಡಿಸಿದ್ದರು. ಅದರ ಓಟವೂ ಭೇದಕಶಕ್ತಿಯೂ ಬಹಳ ಕಡಿಮೆ. ದಂಗೆಯ ಬೀದಿಗೆ ಸೈನ್ಯದ ಗುಂಡು ತಕ್ಕದ್ದಲ್ಲವೆಂದು ಬಲ್ಲವರೇ ಬೇಕೆಂದಾಗ ಸೈನ್ಯದ ಗುಂಡನ್ನೇ ಹಾರಿಸಿದರೆಂಬದು ನನ್ನ ಆಕ್ಷೇಪ.

‘ಜನರ ತಲೆಯ ಮೇಲಿಂದ ಹಾರಿಸಿದೆವು’ ಎಂಬ ಸಮರ್ಥನೆಯೊಂದುಂಟು. ಈ ಗುಂಡು ಕೋನಕ್ಕೆ ತಕ್ಕಂತೆ ಎರಡು ಮೈಲಿನ ವರೆಗೂ ಹೋಗಿ ಬೀಳಬಲ್ಲದು. ಗಲಭೆಯನ್ನು ನೋಡಲಿಕ್ಕೂ ಬಾರದ, ತನ್ನ ಮಾಳಿಗೆಯ ಮೇಲೆ ಹಪ್ಪಳ ಒಣಹಾಕುವ ಮುದುಕಿಯ ಪಾಲಿಗೆ ತಲೆಯ ಮೇಲಿನ ಗುಂಡು ತಲೆಗೇ ಬಂದಂತೆ. ನಮ್ಮ ಮದುವೆಯ ಮೆರವಣಿಗೆಗಳಲ್ಲಿ, ಚುನಾವಣೆಯ ವಿಜಯೋತ್ಸವಗಳಲ್ಲಿ ಆಕಾಶಕ್ಕೆ ಗುಂಡು ಹಾರಿಸುವ ಶೂರರಿಗೂ ಇದೇ ಉತ್ತರ. ೨೦೧೯ರ ತಿದ್ದುಪಡಿಯಿಂದ ಶಸ್ತ್ರಾಸ್ತ್ರ ಕಾಯಿದೆಯು ಇಂಥ ಸಂಭ್ರಮದ ಗುಂಡಿಗೆ ಎರಡು ವರುಷಗಳ ವರೆಗೆ ಸೆರೆಯನ್ನೂ ಒಂದು ಲಕ್ಷ ರೂಪಾಯಿಗಳ ವರೆಗೆ ದಂಡವನ್ನೂ ಗೊತ್ತುಮಾಡಿದೆ.

೧೯೫೯ರ ಅದೇ ಕಾಯಿದೆಯಲ್ಲಿ ಒಂದು ಸೂಕ್ಷ್ಮವಿದೆ, ನಮ್ಮ ಒಕ್ಕಲಿಗರು ಗಮನಿಸಬೇಕಾದದ್ದು. ಬೆಳೆಯ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಬಂದೂಕಿಗೂ, ರಕ್ಷಣೆಗೋ ಬೇಟೆಗೋ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನಯನಳಿಗೆಯ ಬಂದೂಕಿಗೂ ಪರವಾನಿಗೆ ಸಿಗುವ ದಾರಿ ಸುಗಮ. ತಿರುಚುಗೆರೆಯ ನಳಿಗೆಯ ರೈಫಲಿಗೆ ದಾರಿ ದುರ್ಗಮ. ಸೈನ್ಯದ ತ್ರೀ-ನಾಟ್-ತ್ರೀಯಂತೂ ಸಾಮಾನ್ಯರಿಗೆ ನಿಷಿದ್ಧ. ಕಾಡುಹಂದಿಗೆ ಹೊಡೆದ ಚರ್ರೆಯು ಸಜ್ಜೆಯ ಹೊಲದ ಅಂಚಿನಲ್ಲಿ ಸತ್ತು ಬೀಳುತ್ತದೆ. ರೈಫಲಿನ ಗುಂಡು ಹಂದಿಯನ್ನು ದಾಟಿ, ಹೊಲವನ್ನು ದಾಟಿ, ಮುಂದಿನ ವಸತಿಯ ಗುಡಿಸಲಿಗೆ ಹೋಗುತ್ತದೆ. ಈ ಭೇದವನ್ನು ಕಾಯಿದೆ ಬರೆದವರು ಬಲ್ಲರು, ಬಂದೂಕು ಹಿಡಿದವರು ಅನೇಕರು ಅರಿಯರು. ಇನ್ನು ನಾಡಪಿಸ್ತೂಲಿನ ಮಾತು: ಅದರಲ್ಲಿ ಎಂಥ ಕಾಡತೂಸನ್ನು ತುರುಕಿದರೂ ಗುರಿಯಿಲ್ಲ, ಭದ್ರತೆಯಿಲ್ಲ, ಹಿಡಿದವನ ಕೈಯೇ ಹಾರಿಹೋಗುವ ಸಂಭವ ಹೆಚ್ಚು. ಅದರ ವಿಷಯಕ್ಕೆ ಇದಕ್ಕಿಂತ ಹೆಚ್ಚು ಹೊತ್ತು ಕಳೆಯಲಾರೆ.

ಚಲಚ್ಚಿತ್ರಗಳನ್ನು ಸುಮ್ಮನೆ ಬಿಡಲಾಗದು. ನಾಯಕನು ಮೇಜನ್ನು ಡಬ್ಬು ಹಾಕಿ ಅದರ ಮರೆಯಲ್ಲಿ ಕುಳಿತುಕೊಳ್ಳುತ್ತಾನೆ. ಮೋಟಾರಿನ ತಗಡಿನ ಬಾಗಿಲು ತೆರೆದು ಅದರ ಹಿಂದೆ ನಿಲ್ಲುತ್ತಾನೆ. ನೂರು ಗುಂಡು ಬಂದರೂ ಒಂದು ತಗಲುವದಿಲ್ಲ. ಇದನ್ನು ನೋಡಿ ಬೆಳೆದ ಹುಡುಗರಿಗೆ ಬಾಗಿಲ ಮರೆ ಕೋಟೆಯೆಂದು ತೋರಿದರೆ ಆಶ್ಚರ್ಯವೇನು? ಕಾಣದಂತೆ ಅಡಗುವದು ಬೇರೆ, ತಾಗದಂತೆ ಅಡಗುವದು ಬೇರೆ. ದುರ್ದೈವದಿಂದ ಅಂಥ ಪ್ರಸಂಗ ಬಂದರೆ ನೆಲಕ್ಕೆ ಬೋರಲು ಬೀಳಿರಿ; ಕದದ ಹಿಂದೆ, ಕಿಡಕಿಯ ಹಿಂದೆ ನಿಲ್ಲಬೇಡಿರಿ; ಹಳೆಯ ಕಲ್ಲಿನ ಗೋಡೆಯ ಮೂಲೆಯನ್ನೋ ಕಟ್ಟೆಯ ಬುಡವನ್ನೋ ಹಿಡಿಯಿರಿ. ಒಂದರ ಹಿಂದೊಂದು ನಿಂತ ಜೋಳದ ಚೀಲಗಳ ಒಟ್ಟಿಲು ತೇಗದ ಕದಕ್ಕಿಂತ ಮೇಲು.

ಈಗ ಆ ಮೊಕದ್ದಮೆಗೆ ಹಿಂದಿರುಗುತ್ತೇನೆ. ನಾನು ನ್ಯಾಯಾಧೀಶರ ಮುಂದೆ ಮಂಡಿಸಿದ ವಾದವಿಷ್ಟೇ: ನನ್ನ ಪಕ್ಷಗಾರನು ಕದವನ್ನು ಹೊಡೆದನು, ಮನುಷ್ಯನನ್ನಲ್ಲ, ಎರಡು ಅಂಗುಲದ ಜಾಲಿಯ ಕದವನ್ನು ಗುಂಡು ದಾಟೀತೆಂಬ ಜ್ಞಾನ ಹಳ್ಳಿಯ ಒಕ್ಕಲಿಗನಿಗೆ ಇರಲಾರದು. ಕಾಯಿದೆಯಲ್ಲಿ ಈ ಜ್ಞಾನವೆಂಬ ಶಬ್ದಕ್ಕೆ ಬಹಳ ಬೆಲೆಯಿದೆ. ತನ್ನ ಕೃತ್ಯದಿಂದ ಸಾವು ಸಂಭವಿಸಬಹುದೆಂಬ ಜ್ಞಾನ ಅವನಿಗಿತ್ತೆಂದಾದರೆ ಅಂದಿನ ದಂಡಸಂಹಿತೆಯ ೩೦೪ನೆಯ ಕಲಮಿನ ಎರಡನೆಯ ಭಾಗ, ಹತ್ತು ವರುಷಗಳ ವರೆಗೆ ಶಿಕ್ಷೆ. ಇರಲಿಲ್ಲವೆಂದಾದರೆ ೩೦೪-ಅ, ಬರಿಯ ನಿಷ್ಕಾಳಜಿ, ಎರಡು ವರುಷಗಳ ವರೆಗೆ. ೨೦೨೪ರಿಂದ ಜಾರಿಯಲ್ಲಿರುವ ನ್ಯಾಯಸಂಹಿತೆಯಲ್ಲಿ ಇವೇ ೧೦೫ ಮತ್ತು ೧೦೬ನೆಯ ಕಲಮುಗಳಾಗಿವೆ, ನಿಷ್ಕಾಳಜಿಯ ಶಿಕ್ಷೆ ಐದು ವರುಷಗಳ ವರೆಗೆ ಏರಿದೆ. ನನ್ನ ವಾದವನ್ನು ನ್ಯಾಯಾಲಯವು ಒಪ್ಪಿತು. ಕಡಿಮೆ ಶಿಕ್ಷೆಯಾಯಿತು. ಆ ವಾದವು ನ್ಯಾಯವಾದದ್ದೆಂದೇ ಇಂದಿಗೂ ನಂಬಿದ್ದೇನೆ. ಆತನಿಗೆ ನಿಜವಾಗಿಯೂ ತಿಳಿದಿರಲಿಲ್ಲ, ಅಂದಿಗೆ ನನಗೂ ತಿಳಿದಿರಲಿಲ್ಲ. ಕೋಷ್ಟಕವನ್ನು ನಾನು ಹುಡುಕಿ ಓದಿದ್ದು ತೀರ್ಪಿನ ತರುವಾಯ.

ಆದರೆ ಈ ಸಾಯಂಕಾಲದ ನಂತರ ದೇವಣಗಾಂವದವರ ಪರವಾಗಿ ಯಾವ ವಕೀಲನೂ ಆ ವಾದವನ್ನು ಹೂಡಲಾರನು. ಕೇಳಿದವರು ನೀವು ಇಷ್ಟು ಜನರಿದ್ದೀರಿ, ಶಿಕ್ಷಕರು ಸಾಕ್ಷಿಗಳಾಗಿದ್ದಾರೆ.

ಮೊಕದ್ದಮೆ ಮುಗಿದ ಮೇಲೆ ಮುದ್ದೆಮಾಲನ್ನು ಮನೆಯವರಿಗೆ ತಿರುಗಿ ಕೊಟ್ಟರು. ಸತ್ತವನ ಹೆಂಡತಿಯು ಗಾಡಿ ತಂದು ಕದವನ್ನು ಒಯ್ದಳು. ಎರಡು ವರುಷಗಳ ಮೇಲೆ ಬೇರೊಂದು ಕೆಲಸದ ಸಲುವಾಗಿ ನಾನು ಆ ಊರಿಗೆ ಹೋದಾಗ ಅದೇ ಕದವು ಅದೇ ಚೌಕಟ್ಟಿನಲ್ಲಿತ್ತು. ಹೊಸ ಕದ ಮಾಡಿಸುವ ಶಕ್ತಿ ಅವರಿಗೆ ಇದ್ದಿಲ್ಲ. ತೂತಿಗೆ ಬಡಿಗನಿಂದ ಒಂದು ಬೆಣೆ ಹಾಕಿಸಿದ್ದರು. ಬೆಣೆಯ ಮರ ಹೊಸದಾದುದರಿಂದ ಬೆಳ್ಳಗೆ ಎದ್ದು ಕಾಣುತ್ತಿತ್ತು. ಆ ತಾಯಿ ನನ್ನನ್ನು ಗುರುತಿಸಿದಳು, ಒಳಗೆ ಬಾ ಎಂದಳು, ಕುಡಿಯಲು ನೀರು ಕೊಟ್ಟಳು. ನನಗೆ ಮಾತು ಹೊರಡಲಿಲ್ಲ.

ಲೆಕ್ಕವನ್ನು ಬರೆದುಕೊಳ್ಳಬೇಕೆನ್ನುವ ಮಾಸ್ತರರು ನನ್ನ ಹತ್ತಿರದ ಕಾಗದವನ್ನು ಇಸಿದುಕೊಳ್ಳಬಹುದು.